ಒಂದೇ ಲೆಕ್ಕ ಎಷ್ಟು ಸಲ ಕೊಡಬೇಕು?

ದಾವಣಗೆರೆಯ ಅನುದಾನಿತ ಕಾಲೇಜೊಂದರ ಸೂಪರಿಂಟೆಂಡೆಂಟ್ ಬರೆದಿದ್ದಾರೆ: "ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ ವಿದ್ಯಾರ್ಥಿಗಳ ಲೆಕ್ಕ ತುಂಬಿ ತುಂಬಿ ಸಾಕಾಗಿದೆ. ಹಗಲು ಸರ್ವರ್ ಓಡಲ್ಲ. ಒಂದು ಅಂಕಿ ತಾಳೆ ಆಗದಿದ್ದರೆ ಫಾರಂ ಮುಂದೆ ಹೋಗಲ್ಲ. ಆದರೂ ಸರ್ಕಾರಕ್ಕೆ ಮಾಹಿತಿ ಬೇಕಲ್ವಾ? ನಾವೇ ಸುಮ್ನೆ ಗೊಣಗುತ್ತಿದ್ದೇವಾ?"

ಸಾರ್, ಇಷ್ಟು ಚೆನ್ನಾಗಿ ಬರೆದು ಕೊನೆಗೆ ತಪ್ಪೆಲ್ಲ ನಮ್ಮದೇ ಅನ್ನೋ ಹಾಗೆ ಕೈ ಮುಗಿದುಬಿಟ್ಟಿರಲ್ಲ, ಅದೊಂದು ನನಗೆ ಸರಿ ಬರಲಿಲ್ಲ.

ಮಾಹಿತಿ ಬೇಕು, ಒಪ್ಪಿದೆ. 2021-22ರಲ್ಲಿ ದೇಶದಲ್ಲಿ 4.33 ಕೋಟಿ ಮಂದಿ ಉನ್ನತ ಶಿಕ್ಷಣದಲ್ಲಿದ್ದರು ಅಂತ ಗೊತ್ತಾಗಿದ್ದು ಈ ಸಮೀಕ್ಷೆಯಿಂದಲೇ. ಆದರೆ ಆ ವರದಿ ಬಂದಿದ್ದು ಯಾವಾಗ? 2024ರ ಜನವರಿಯಲ್ಲಿ. ನಿಮಗೆ "ಇವತ್ತು ಸಂಜೆ ಐದರೊಳಗೆ" ಅಂತ ವಾಟ್ಸಾಪ್ ಬರುತ್ತೆ, ಮೇಲಿನವರಿಗೆ ಮಾತ್ರ ಅಂಥ ಅವಸರವೇನೂ ಇಲ್ಲ.

ನನ್ನ ತಕರಾರು ಒಂದೇ. ಕೇಳುವವರು ಒಂದು ಸಲ ಕೇಳಲಿ. ಅಡ್ಮಿಷನ್ ಹೊತ್ತಿಗೇ ರಾಜ್ಯದ ವಿಶ್ವವಿದ್ಯಾಲಯ-ಕಾಲೇಜುಗಳ ಪೋರ್ಟಲ್ ಆದ ಯುಯುಸಿಎಂಎಸ್‌ನಲ್ಲಿ ಹುಡುಗನ ಜಾತಿ, ಲಿಂಗ, ಕೋರ್ಸ್ ಎಲ್ಲ ಸೇರಿರುತ್ತೆ. ಸ್ಕಾಲರ್‌ಶಿಪ್‌ಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಮತ್ತೆ ಅದೇ, ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್‌ಗೆ ಇನ್ನೊಂದು ಎಕ್ಸೆಲ್. ಆಮೇಲೆ ಈ ಸಮೀಕ್ಷೆಯ ದೆಹಲಿಯ ಫಾರಂ.

ಆ ಫಾರಂನ ಕಾಲಂಗಳೋ! ನಮ್ಮ ಅಡ್ಮಿಷನ್ ರಿಜಿಸ್ಟರ್‌ನಲ್ಲಿ ಇರೋದು ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ, 2ಬಿ, 3ಎ, 3ಬಿ. ಅಲ್ಲಿ ಇವರೆಲ್ಲರಿಗೂ ಇರೋದು ಒಬಿಸಿ ಒಂದೇ. 3ಬಿ ಅಂತ ಸರ್ಟಿಫಿಕೇಟ್ ತಂದ ಲಿಂಗಾಯತ ಹುಡುಗನನ್ನು ಎಲ್ಲಿ ಹಾಕಬೇಕು? ಲಿಂಗಾಯತರ ಕೆಲವು ಉಪಪಂಗಡಗಳು ಮಾತ್ರ ಕೇಂದ್ರದ ಒಬಿಸಿ ಪಟ್ಟಿಯಲ್ಲಿವೆ, ಹುಡುಗನ ಉಪಪಂಗಡ ರಿಜಿಸ್ಟರ್‌ನಲ್ಲಿ ಇರಲೇಬೇಕು ಅಂತಿಲ್ಲ. ದಾವಣಗೆರೆಯಲ್ಲಿ ಕೂತು ಇದನ್ನು ತೀರ್ಮಾನ ಮಾಡೋ ಪಾಡು ಗುಮಾಸ್ತನದು, ನಾಳೆ ತಪ್ಪಾದರೆ ನೋಟಿಸೂ ಅವನಿಗೇ.

ಚಿತ್ರದುರ್ಗದ ಒಬ್ಬ ಎಸ್‌ಡಿಎ ಹೋದ ವರ್ಷ ಸಿಕ್ಕಿದ್ದರು. ಪ್ರತಿ ವಿದ್ಯಾರ್ಥಿಗೂ ಕೊಡೋ 12 ಅಂಕಿಯ ಗುರುತು ಸಂಖ್ಯೆ, ಅಪಾರ್ ಐಡಿ ಮಾಡಿಸೋ ಗೋಳು ಹೇಳಿಕೊಂಡರು. ಆಧಾರ್‌ನಲ್ಲಿ "ಬಸವರಾಜಪ್ಪ ಕೆ", ಅಂಕಪಟ್ಟಿಯಲ್ಲಿ "ಕೆ. ಬಸವರಾಜ". ಕಂಪ್ಯೂಟರ್‌ಗೆ ಇವರಿಬ್ಬರೂ ಬೇರೆ ಬೇರೆ. ಹುಡುಗ ಎದುರಿಗೇ ನಿಂತು ನಗುತ್ತಿದ್ದನಂತೆ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ 1993ರಲ್ಲಿ ಶುರುವಾದ ಹೆಸಾ ಅನ್ನೋ ಸಂಸ್ಥೆ ಉನ್ನತ ಶಿಕ್ಷಣದ ಲೆಕ್ಕ ಕೂಡಿಸೋ ಇದೇ ಕೆಲಸ ಮಾಡುತ್ತಿತ್ತು, 2022ರಲ್ಲಿ ಜಿಸ್ಕ್ ಅನ್ನೋ ಇನ್ನೊಂದು ಸಂಸ್ಥೆ ಜೊತೆ ಸೇರಿತು. ಲೆಕ್ಕ ಪಡೆಯೋಕೆ ಡೇಟಾ ಫ್ಯೂಚರ್ಸ್ ಅಂತ ಹೊಸ ವ್ಯವಸ್ಥೆ ತಂದರು, ಸಿಬ್ಬಂದಿ ಹೈರಾಣಾದರು, 2022-23ರ ಲೆಕ್ಕ ತಿಂಗಳುಗಟ್ಟಲೆ ತಡವಾಯಿತು. ಆದರೆ ಎಲ್ಲಿ ಎಡವಟ್ಟಾಯಿತು ಅಂತ ಹೊರಗಿನವರಿಂದ ಪರಿಶೀಲನೆ ಮಾಡಿಸಿದರು. ನಮ್ಮಲ್ಲಿ? "ಲಾಸ್ಟ್ ಡೇಟ್ ವಿಸ್ತರಿಸಲಾಗಿದೆ", ಅಷ್ಟೇ.

ಇನ್ನು ತುಂಬೋಕೆ ಜನ ಎಲ್ಲಿದ್ದಾರೆ? ರಿಟೈರ್ ಆದವರ ಜಾಗ ಖಾಲಿ ಬಿದ್ದಿರುತ್ತೆ, ಕೊನೆಗೆ ಲಾಗಿನ್ ಪಾಸ್‌ವರ್ಡ್ ಸೇರೋದು ಪಾಠ ಮಾಡಬೇಕಾದ ಅತಿಥಿ ಉಪನ್ಯಾಸಕರ ಕೈಗೆ. ಅವರ ಸಂಬಳ ಯಾವಾಗ ಆಗುತ್ತೆ ಅಂತ ತಿಳಿಸೋ ಪೋರ್ಟಲ್ ಯಾಕೋ ಯಾರೂ ಮಾಡಿಲ್ಲ.

ಹಾಗಾಗಿ ಗೊಣಗಿ ಸಾರ್, ಆದರೆ ಕಾಗದದ ಮೇಲೆ ಗೊಣಗಿ. ಯಾವ ಕಾಲಂ ಎಷ್ಟು ಕಡೆ ಕೇಳಿದ್ದಾರೆ ಅಂತ ಪಟ್ಟಿ ಮಾಡಿ, ಪ್ರಿನ್ಸಿಪಾಲರ ಸಹಿ ಹಾಕಿಸಿ ಮೇಲಕ್ಕೆ ಕಳಿಸಿ. ನಮಗೂ ಒಂದು ಪ್ರತಿ ಕೊಡಿ, ಕಾಲೇಜಿನ ಹೆಸರು ತೆಗೆದು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.