ಹಾರ್ಡ್ ಡಿಸ್ಕ್ ಹೋದ ಲ್ಯಾಪ್‌ಟಾಪನ್ನು ಬರೀ ಪೆನ್‌ಡ್ರೈವ್‌ನಿಂದ ನಡೆಸಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕುಷ್ಟಗಿಯಲ್ಲಿದ್ದೀರಿ, ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೀರಿ. ಅಣ್ಣನ ಹಳೆಯ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್ ಮನೆಯಲ್ಲಿದೆ, ಅದರಲ್ಲಿ 2 ಜಿಬಿ ರ‍್ಯಾಮ್. ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಾ ನಿಂತೇ ಹೋಗಿದೆ, ಬ್ಯಾಟರಿಯೂ ಸತ್ತಿದೆ. ಕೈಯಲ್ಲಿ 16 ಜಿಬಿಯ ಒಂದು ಪೆನ್‌ಡ್ರೈವ್ ಇದೆ. ಇಷ್ಟರಲ್ಲೇ, ವಿಂಡೋಸ್ ಬದಲು ಬಳಸುವ ಲಿನಕ್ಸ್ ಸಿಸ್ಟಮ್ ನಡೆಸಿ ನೋಟ್ಸ್ ಟೈಪ್ ಮಾಡಬಹುದಾ, ಬರೆದದ್ದು ಉಳಿಯುತ್ತಾ, ಕನ್ನಡ ಬರುತ್ತಾ ಅಂತ ಕೇಳಿದ್ದೀರಿ.

ನಡೆಸಬಹುದು. ನಾನು ಗಂಗಾವತಿಯಲ್ಲಿ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿಯ ಮೂಲೆಯಲ್ಲಿರುವ ಒಂದು ಲ್ಯಾಪ್‌ಟಾಪಿಗೆ ನಾಲ್ಕು ವರ್ಷದಿಂದ ಹಾರ್ಡ್ ಡಿಸ್ಕೇ ಇಲ್ಲ. ಪಕ್ಕದಲ್ಲಿ ಒಂದು ಪೆನ್‌ಡ್ರೈವ್ ಚುಚ್ಚಿಕೊಂಡು ದಿನಾ ಕೆಲಸ ಮಾಡುತ್ತಿದೆ. ಹಾಗಾಗಿ ಆಗುತ್ತಾ ಇಲ್ವಾ ಅನ್ನುವ ಚಿಂತೆ ಬಿಡಿ. ಬರೆದದ್ದು ಉಳಿಯುತ್ತಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಅಲ್ಲೇ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ.

ನಿಮ್ಮ ಮಷಿನ್‌ಗೆ ಪಪ್ಪಿ ಅನ್ನುವ ಹಗುರವಾದ ಲಿನಕ್ಸ್ ಸರಿಹೋಗುತ್ತದೆ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ತಾವು ಸಾಕಿದ್ದ ಪುಟ್ಟ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟರು. ಈಗ ಬೇರೆ ಬೇರೆ ದೇಶದ ಆಸಕ್ತರು ಸೇರಿ ನೋಡಿಕೊಳ್ಳುತ್ತಾರೆ, ಎಲ್ಲ ಪುಕ್ಕಟೆ. ಪಪ್ಪಿಯಲ್ಲಿ ಹಲವು ತರ ಇವೆ. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್ ಆದ್ದರಿಂದ ನೀವು ಬುಕ್‌ವರ್ಮ್‌ಪಪ್ 64 ತಗೊಳ್ಳಿ. ಅದು ಡೆಬಿಯನ್ ಅನ್ನುವ ದೊಡ್ಡ ಲಿನಕ್ಸಿನ 12ನೇ ಆವೃತ್ತಿಯ ಮೇಲೆ ಕಟ್ಟಿದ್ದು, ಬೇಕಾದ ಸಾಫ್ಟ್‌ವೇರ್‌ಗಳನ್ನು ಡೆಬಿಯನ್‌ನ ಉಗ್ರಾಣದಿಂದಲೇ ಹಾಕಿಕೊಳ್ಳಬಹುದು. ಇದನ್ನು ಓದುವ ಬೇರೆ ಯಾರಾದರೂ ಆಟಮ್ ಎನ್270 ಇರುವ ಪುಟ್ಟ ನೆಟ್‌ಬುಕ್ ಇಟ್ಟುಕೊಂಡಿದ್ದರೆ ಅವರಿಗೆ 32 ಬಿಟ್‌ನದೇ ಬೇಕು. ಆದರೆ 32 ಬಿಟ್‌ನ ದಾರಿ ಮುಚ್ಚುತ್ತಾ ಬಂದಿದೆ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು. 2025ರಲ್ಲಿ ಡೆಬಿಯನ್ 13 ಬಂದಾಗ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇರಲಿಲ್ಲ.

ಉಬುಂಟು ಅನ್ನುವ ಇನ್ನೊಂದು ಲಿನಕ್ಸನ್ನೇ ಪೆನ್‌ಡ್ರೈವ್‌ಗೆ ಇನ್‌ಸ್ಟಾಲ್ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. 2 ಜಿಬಿಗೆ ಅದು ಭಾರ. ಜೊತೆಗೆ ಅದು ಪೆನ್‌ಡ್ರೈವನ್ನು ಹಾರ್ಡ್ ಡಿಸ್ಕ್ ಅಂದುಕೊಂಡು ನಿಮಿಷ ನಿಮಿಷಕ್ಕೂ ಏನಾದರೂ ಬರೆಯುತ್ತಲೇ ಇರುತ್ತದೆ. ಬ್ರೌಸರ್ ಒಂದೇ ಸಾಕು, ದಿನವಿಡೀ ಸಣ್ಣ ಸಣ್ಣ ಫೈಲ್‌ಗಳನ್ನು ಬರೆದು ಅಳಿಸುತ್ತದೆ. ಪೆನ್‌ಡ್ರೈವ್‌ನ ಚಿಪ್‌ನಲ್ಲಿ ಒಂದೇ ಜಾಗದಲ್ಲಿ ಇಷ್ಟು ಸಲ ಅಂತ ಮಾತ್ರ ಬರೆಯಲು ಬರುತ್ತದೆ. ಆಮೇಲೆ ಆ ಜಾಗ ಸವೆದುಹೋಗುತ್ತದೆ.

ಪಪ್ಪಿಯ ರೀತಿ ಬೇರೆ. ನಮ್ಮ ಕಡೆ ಭತ್ತದ ವ್ಯಾಪಾರ ನೋಡಿರುತ್ತೀರಿ. ಗಾಡಿ ಬಂದಾಗ ತೂಕ, ಚೀಲದ ಎಣಿಕೆ ಎಲ್ಲವನ್ನೂ ಕಚ್ಚಾ ಚೀಟಿಯ ಮೇಲೆ ಗೀಚಿಕೊಳ್ಳುತ್ತಾರೆ. ಸಂಜೆ ಕೂತು ಪಕ್ಕಾ ಪುಸ್ತಕಕ್ಕೆ ಏರಿಸುತ್ತಾರೆ. ಪಪ್ಪಿಗೆ ರ‍್ಯಾಮ್ ಅಂದರೆ ಕಚ್ಚಾ ಚೀಟಿ, ಪೆನ್‌ಡ್ರೈವ್ ಅಂದರೆ ಪಕ್ಕಾ ಪುಸ್ತಕ. ಲ್ಯಾಪ್‌ಟಾಪ್ ಶುರುವಾದಾಗ, ರ‍್ಯಾಮ್ ಸಾಲುವಷ್ಟಿದ್ದರೆ, ಇಡೀ ಸಿಸ್ಟಮ್ ಪೆನ್‌ಡ್ರೈವ್‌ನಿಂದ ರ‍್ಯಾಮ್‌ಗೆ ಬಂದು ಕೂರುತ್ತದೆ. ಅದಾದ ಮೇಲೆ ನೀವು ಮಾಡುವ ಬದಲಾವಣೆ, ತೆರೆಯುವ ಪುಟ, ಬದಲಿಸುವ ಸೆಟ್ಟಿಂಗ್ ಎಲ್ಲ ರ‍್ಯಾಮ್‌ನಲ್ಲೇ ನಡೆಯುತ್ತದೆ. ಅದಕ್ಕೇ ಇಷ್ಟು ಹಳೆಯ ಮಷಿನ್ ಕೂಡ ಕ್ಲಿಕ್ ಮಾಡಿದ ಕೂಡಲೇ ಓಗೊಡುತ್ತದೆ. ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ 2.0 ನಿಧಾನ ಅನ್ನುವುದು ಶುರುವಾಗುವಾಗ ಮಾತ್ರ ಗೊತ್ತಾಗುತ್ತದೆ. ಮೊದಲ ಸಲ ಶಟ್‌ಡೌನ್ ಮಾಡುವಾಗ ಸೇವ್ ಫೈಲ್ ಮಾಡಲಾ ಅಂತ ಪಪ್ಪಿ ಕೇಳುತ್ತದೆ. ಹೂಂ ಅನ್ನಿ, 1 ಜಿಬಿ ಕೊಡಿ. ಮುಂದೆ ಕಚ್ಚಾ ಚೀಟಿಯಲ್ಲಿದ್ದದ್ದು ಈ ಸೇವ್ ಫೈಲ್‌ಗೆ ಏರುತ್ತದೆ. ನಡುನಡುವೆ ಏರಿಸಲು ಡೆಸ್ಕ್‌ಟಾಪ್ ಮೇಲೆ ಸೇವ್ ಅನ್ನುವ ಐಕಾನ್ ಇರುತ್ತದೆ. ಇಷ್ಟು ನಿಮಿಷಕ್ಕೊಮ್ಮೆ ತಾನೇ ಏರಿಸು ಅಂತಲೂ ಹೇಳಿಡಬಹುದು. ನನ್ನದರಲ್ಲಿ ಅದು ಅರ್ಧ ಗಂಟೆಗೊಮ್ಮೆ ಇತ್ತು.

ಇತ್ತು ಅಂದೆ, ಯಾಕೆಂದರೆ ಅದನ್ನು ನಾನೇ ತೆಗೆದುಹಾಕಿದ್ದೆ. ಪೆನ್‌ಡ್ರೈವ್ ಬೇಗ ಸವೆಯದಿರಲಿ, ರಾತ್ರಿ ಅಂಗಡಿ ಮುಚ್ಚುವಾಗ ಒಂದೇ ಸಲ ಏರಿಸಿದರಾಯಿತು ಅನ್ನುವುದು ನನ್ನ ಲೆಕ್ಕ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರೂವರೆ. ಬಿ.ಎಡ್ ಓದುವ ಹುಡುಗಿಯೊಬ್ಬಳು ಮೂಲೆಯ ಲ್ಯಾಪ್‌ಟಾಪ್‌ನಲ್ಲಿ ತನ್ನ ಪ್ರಾಜೆಕ್ಟ್ ಬರವಣಿಗೆ ಟೈಪ್ ಮಾಡುತ್ತಿದ್ದಳು. ಅವಳೇ ಮಾಡುತ್ತೇನೆ ಅಂದಿದ್ದಕ್ಕೆ ಕೂರಿಸಿದ್ದೆ. ಹನ್ನೊಂದು ಪುಟ ಆಗಿತ್ತು. ಐದೈದು ನಿಮಿಷಕ್ಕೆ ತಪ್ಪದೆ ಸೇವ್ ಒತ್ತುತ್ತಿದ್ದಳು, ನಾನೇ ನೋಡಿದ್ದೇನೆ. ಕರೆಂಟ್ ಹೋಯಿತು. ನನ್ನ ಯುಪಿಎಸ್ ಪ್ರಿಂಟರ್ ಕಡೆಗಿತ್ತು, ಈ ಮೂಲೆಗೆ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇಲ್ಲ. ಪರದೆ ಕಪ್ಪಾಯಿತು. ಕರೆಂಟ್ ಬಂದ ಮೇಲೆ ಶುರು ಮಾಡಿ ನೋಡಿದರೆ ಡಾಕ್ಯುಮೆಂಟ್ಸ್ ಫೋಲ್ಡರ್ ನಿನ್ನೆ ರಾತ್ರಿ ಹೇಗಿತ್ತೋ ಹಾಗೇ ಇದೆ. "ಅಣ್ಣಾರ, ಸೇವ್ ಮಾಡೇನ್ರಿ ನಾ, ಎಲ್ಲಿ ಹೋತ್ರಿ ಅದು?" ಅಂದಳು. ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ಅವಳು ಸೇವ್ ಮಾಡಿದ್ದು ಕಚ್ಚಾ ಚೀಟಿಯ ಮೇಲೆ, ಅದನ್ನು ಹೇಳಬೇಕಾದವನು ನಾನು, ಹೇಳಿರಲಿಲ್ಲ. ಅವತ್ತು ರಾತ್ರಿ ಹತ್ತರವರೆಗೆ ಕೂತು ಅವಳು ಓದಿ ಹೇಳಿದಂತೆ ಹನ್ನೊಂದು ಪುಟವನ್ನೂ ನಾನೇ ಟೈಪ್ ಮಾಡಿಕೊಟ್ಟೆ.

ಹಾಗಾಗಿ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪಪ್ಪಿಯಲ್ಲಿ ಫೈಲ್ ಇಡಲು ಎರಡು ಜಾಗ ಇವೆ. ಒಂದು, ರೂಟ್ ಅನ್ನುವ ಮನೆ ಫೋಲ್ಡರ್ ಮತ್ತು ಅದರೊಳಗಿನ ಡಾಕ್ಯುಮೆಂಟ್ಸ್. ಪೆನ್‌ಡ್ರೈವ್‌ನಿಂದ ನಡೆಸುವಾಗ ಇದು ರ‍್ಯಾಮ್‌ನಲ್ಲಿರುತ್ತದೆ. ಇನ್ನೊಂದು, ಎಂಎನ್‌ಟಿ (mnt) ಫೋಲ್ಡರಿನ ಒಳಗಿರುವ ಹೋಮ್ (home). ಹೆಸರು ಹೋಮ್ ಅಂತಿದ್ದರೂ ಅದು ನಿಮ್ಮ ಪೆನ್‌ಡ್ರೈವೇ. ಅಲ್ಲಿ ಸೇವ್ ಮಾಡಿದ್ದು ಕಚ್ಚಾ ಚೀಟಿಗೆ ಹೋಗುವುದಿಲ್ಲ, ನೇರ ಪಕ್ಕಾ ಪುಸ್ತಕಕ್ಕೆ ಹೋಗುತ್ತದೆ. ಅಲ್ಲೊಂದು ನೋಟ್ಸ್ ಅಂತ ಫೋಲ್ಡರ್ ಮಾಡಿ, ಓದಿನದ್ದೆಲ್ಲ ಅಲ್ಲೇ ಇಡಿ. ಇನ್ನೂ ಒಂದು ಲಾಭ ಇದೆ. ಆ ಫೋಲ್ಡರ್ ಯಾವ ವಿಂಡೋಸ್ ಕಂಪ್ಯೂಟರಿನಲ್ಲಿ ಚುಚ್ಚಿದರೂ ಕಾಣುತ್ತದೆ. ಸೇವ್ ಫೈಲ್ ಒಳಗಿನದ್ದು ಅಲ್ಲಿ ಕಾಣುವುದಿಲ್ಲ. ಹೀಗೆ ಮಾಡಿದರೆ ಸೇವ್ ಫೈಲ್ ಬರೀ ಸೆಟ್ಟಿಂಗ್, ಫಾಂಟ್, ವೈಫೈ ಪಾಸ್‌ವರ್ಡ್‌ಗೆ ಉಳಿಯುತ್ತದೆ. ಅದನ್ನು ಶಟ್‌ಡೌನ್ ಮಾಡುವಾಗ ಒಮ್ಮೆ ಏರಿಸಿದರೆ ಸಾಕು.

ಇಲ್ಲೂ ಒಂದು ಸೂಕ್ಷ್ಮ ಇದೆ. ಲಿನಕ್ಸ್ ಫೈಲನ್ನು ಪೆನ್‌ಡ್ರೈವ್‌ಗೆ ಬರೆಯುವಾಗ ಸ್ವಲ್ಪ ಹೊತ್ತು ತನ್ನ ಹತ್ತಿರ ಇಟ್ಟುಕೊಂಡು ಆಮೇಲೆ ಬರೆಯುತ್ತದೆ. ಸೇವ್ ಒತ್ತಿದ ಮರುಕ್ಷಣವೇ ಪ್ಲಗ್ ಕಿತ್ತರೆ ಆ ಕೊನೆಯ ಸೇವ್ ಹೋಗಬಹುದು. ಪೆನ್‌ಡ್ರೈವ್‌ನ ದೀಪ ಮಿನುಗುವುದು ನಿಲ್ಲುವವರೆಗೆ ಕೈ ಹಚ್ಚಬೇಡಿ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ನಿಮ್ಮದು, ಬೇಸಿಗೆಯ ಕರೆಂಟ್ ನಿಮಗೂ ಗೊತ್ತು. ಚಿಕ್ಕ ಯುಪಿಎಸ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಖರ್ಚು ಬೇರೆ ಇಲ್ಲ.

ಪೆನ್‌ಡ್ರೈವ್ ತಯಾರಿಸುವುದು ಕಷ್ಟದ ಕೆಲಸ ಅಲ್ಲ. ಗೆಳೆಯರ ವಿಂಡೋಸ್ ಕಂಪ್ಯೂಟರಿನಲ್ಲಿ ಪಪ್ಪಿಯ ಐಎಸ್‌ಓ ಫೈಲ್ ಇಳಿಸಿಕೊಳ್ಳಿ, ರೂಫಸ್ ಅನ್ನುವ ಪುಟ್ಟ ಪ್ರೋಗ್ರಾಮ್‌ನಿಂದ ಬರೆಯಿರಿ. ಪಾರ್ಟಿಷನ್ ಎಂಬಿಆರ್ ಇರಲಿ, ಫೈಲ್ ಸಿಸ್ಟಮ್ ಫ್ಯಾಟ್32 ಇರಲಿ. ಐಎಸ್‌ಓ ಮೋಡಾ ಡಿಡಿ ಮೋಡಾ ಅಂತ ಕೇಳಿದರೆ ಐಎಸ್‌ಓ ಮೋಡ್ ಅನ್ನಿ, ಆಗ ಉಳಿದ ಜಾಗದಲ್ಲಿ ನಿಮ್ಮ ಫೈಲ್ ಇಡಬಹುದು. ರೂಫಸ್ ಪೆನ್‌ಡ್ರೈವ್‌ನಲ್ಲಿದ್ದದ್ದನ್ನೆಲ್ಲ ಅಳಿಸುತ್ತದೆ. ಎರಡು ಪೆನ್‌ಡ್ರೈವ್ ಚುಚ್ಚಿಟ್ಟುಕೊಂಡು ಈ ಕೆಲಸ ಮಾಡಬೇಡಿ, ತಪ್ಪಿದ್ದು ಆರಿಸಿಬಿಟ್ಟೀರಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಒತ್ತಬೇಕು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಒಪ್ಪಿಗೆಯಿಲ್ಲದ ಸಿಸ್ಟಮ್ ಶುರುವಾಗದಂತೆ ತಡೆಯುವ, ಹೊಸ ಲ್ಯಾಪ್‌ಟಾಪ್‌ಗಳ ಸೆಕ್ಯೂರ್ ಬೂಟ್ ಕಾಟ ನಿಮ್ಮ ಮಷಿನ್‌ಗೆ ಇಲ್ಲ.

ಅದಕ್ಕಿಂತ ಮೊದಲು ಆ ಸತ್ತ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದುಬಿಡಿ. ಕೆಳಗಿನ ಮುಚ್ಚಳ ತೆಗೆದು ಒಂದೆರಡು ಸ್ಕ್ರೂ ಬಿಚ್ಚಿದರೆ ಈಚೆ ಬರುತ್ತದೆ. ಒಳಗೇ ಬಿಟ್ಟರೆ ಪ್ರತಿ ಸಲ ಶುರುವಾಗುವಾಗ ಸಿಸ್ಟಮ್ ಅದನ್ನು ಮಾತಾಡಿಸಲು ನೋಡುತ್ತಾ ನಿಮಿಷಗಟ್ಟಲೆ ನಿಲ್ಲುತ್ತದೆ. ಅಣ್ಣನ ಫೋಟೊ ಗೀಟೊ ಅದರಲ್ಲಿದ್ದರೆ ಸುಮ್ನೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಟಕ್ ಟಕ್ ಅನ್ನುವ ಡಿಸ್ಕ್ ತಿರುಗಿದಷ್ಟೂ ಹಾಳಾಗುತ್ತದೆ. ಮುಚ್ಚಳ ಹೇಗೂ ತೆಗೆದಿರುತ್ತೀರಿ, ಫ್ಯಾನಿನ ಧೂಳನ್ನೂ ಬ್ರಷ್‌ನಿಂದ ತೆಗೆಯಿರಿ. ನಮ್ಮೂರಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಧೂಳು ಫ್ಯಾನಿನ ಹಿಂದೆ ಕಂಬಳಿ ಹಾಗೆ ಕೂತಿರುತ್ತದೆ.

ಇನ್ನೊಂದು ಪುಟ್ಟ ವಿಷಯ, ಇದು ತುಂಬಾ ಜನರನ್ನು ಕಾಡಿಸುತ್ತದೆ. ಶುರುವಾದ ಮೇಲೆ ವೈಫೈ ಬರುತ್ತದೆ, ಆದರೆ ಯಾವ ವೆಬ್‌ಸೈಟ್ ತೆರೆದರೂ ಸುರಕ್ಷಿತ ಅಲ್ಲ ಅನ್ನುತ್ತದೆ. ಮೂಲೆಯಲ್ಲಿ ತಾರೀಖು ನೋಡಿ. 2009 ಅಂತಲೋ ಏನೋ ಇದ್ದರೆ ಒಳಗಿನ ಗುಂಡು ಸೆಲ್ ಮುಗಿದಿದೆ ಅಂತ ಅರ್ಥ. ತಾರೀಖು ತಪ್ಪಿದ್ದರೆ ಬ್ರೌಸರ್‌ಗೆ ವೆಬ್‌ಸೈಟಿನ ಸರ್ಟಿಫಿಕೇಟ್ ಸುಳ್ಳಾಗಿ ಕಾಣುತ್ತದೆ. ತಾರೀಖು ಸರಿ ಮಾಡಿದರೆ ಆಯಿತು, ಸೆಲ್ ಆಮೇಲೆ ಹಾಕಿಸಿ. ವೈಫೈಯೇ ಬರದಿದ್ದರೆ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್ನೆಟ್ ಬರುತ್ತದೆ. ಬ್ರೌಸರ್‌ನಲ್ಲಿ ಎರಡು ಮೂರು ಟ್ಯಾಬ್‌ಗಿಂತ ಜಾಸ್ತಿ ತೆರೆಯಬೇಡಿ, 2 ಜಿಬಿಯಲ್ಲಿ ಎಲ್ಲವನ್ನೂ ತಿನ್ನುವುದು ಅದೇ.

ಕನ್ನಡ ಬರುತ್ತದೆ, ಆದರೆ ಮೊದಲ ದಿನ ಅಕ್ಷರದ ಬದಲು ಖಾಲಿ ಡಬ್ಬಿಗಳು ಕಂಡರೆ ಗಾಬರಿಯಾಗಬೇಡಿ. ಫಾಂಟ್ ಇಲ್ಲ, ಅಷ್ಟೇ. ಲೋಹಿತ್ ಕನ್ನಡ ಅಥವಾ ನೋಟೊ ಸಾನ್ಸ್ ಕನ್ನಡ ಹಾಕಿ. ಗುಬ್ಬಿ, ನವಿಲು ಅನ್ನುವ ಫಾಂಟ್‌ಗಳೂ ಡೆಬಿಯನ್‌ನಲ್ಲಿವೆ, ಓದಲು ಚೆನ್ನಾಗಿವೆ. ಟೈಪ್ ಮಾಡಲು ಐಬಸ್ (ibus) ಅನ್ನುವ ಸಾಫ್ಟ್‌ವೇರ್ ಮತ್ತು ಅದರ ಎಂ17ಎನ್ (m17n) ಭಾಗ ಹಾಕಿಕೊಳ್ಳಿ, ಅದರಲ್ಲಿ ಕನ್ನಡಕ್ಕೆ ಕೆಜಿಪಿ ಅನ್ನುವ ಕೀಲಿಮಣೆ ಆರಿಸಿ. ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿ ಕೈ ಕೂತಿದ್ದರೆ ಇದು ಬೇಗ ಒಗ್ಗುತ್ತದೆ. ನನ್ನ ಬೆರಳುಗಳಿಗೆ ಎರಡು ದಿನ ಹಿಡಿಯಿತು. ಯಾರಾದರೂ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ನೋಟ್ಸ್ ಕೊಟ್ಟರೆ ಅದು ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ಒಂದೇ ತರ ಓದಲು ಬರುವ ಅಕ್ಷರ ಪದ್ಧತಿಗೆ, ಬದಲಿಸಿಕೊಳ್ಳಬೇಕು. ನಿಮ್ಮ ನೋಟ್ಸನ್ನು ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಮಾಡಿ. ಮೊಬೈಲಿನಲ್ಲೂ ಓದಬಹುದು, ಹುಡುಕಿದರೆ ಸಿಗುತ್ತದೆ.

ಪಪ್ಪಿಯ ಒಂದು ಗುಣ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದು ಪಾಸ್‌ವರ್ಡ್ ಕೇಳದೆ ಎಲ್ಲ ಅಧಿಕಾರ ಇರುವ ರೂಟ್ ಆಗಿಯೇ ನಡೆಯುತ್ತದೆ. ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದರೆ, ಸಿಕ್ಕವರಿಗೆ ಒಳಗಿನದ್ದೆಲ್ಲ ಸಿಗುತ್ತದೆ. ಬ್ರೌಸರ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಉಳಿಸಬೇಡಿ. ಇದು ಮನಸ್ಸಿಗೆ ಒಪ್ಪದಿದ್ದರೆ ಆ್ಯಂಟಿಎಕ್ಸ್ ಅನ್ನುವ ಇನ್ನೊಂದು ಲಿನಕ್ಸ್ ನೋಡಿ. ಅದೂ ಹಗುರ, ಪೆನ್‌ಡ್ರೈವ್‌ನಿಂದ ನಡೆಯುತ್ತದೆ, ಬೇರೆ ಬಳಕೆದಾರನ ಹೆಸರಿನಲ್ಲಿ ಪಾಸ್‌ವರ್ಡ್ ಹಾಕಿ ಬಳಸಬಹುದು. ಅಂಗಡಿಗೆ ಬಂದವರನ್ನು ಕೂರಿಸುವಾಗ ನಾನು ಪಪ್ಪಿಯನ್ನು ಸೇವ್ ಫೈಲ್ ಓದದೆ, ಬರೀ ರ‍್ಯಾಮ್‌ನಲ್ಲಿ ಶುರು ಮಾಡುತ್ತೇನೆ. ಬೂಟ್ ಮೆನುವಿನಲ್ಲೇ ಆ ಆಯ್ಕೆ ಇದೆ. ಅವರು ಎದ್ದು ಹೋದ ಮೇಲೆ ಆಫ್ ಮಾಡಿದರೆ ಅವರ ಲಾಗಿನ್ ಗುರುತು ಒಂದೂ ಉಳಿಯುವುದಿಲ್ಲ. ಆದರೆ ಈಗ ಕೂರಿಸುವ ಮೊದಲೇ ಅವರ ಪೆನ್‌ಡ್ರೈವ್ ಚುಚ್ಚಿಸಿ, ಸೇವ್ ಇಲ್ಲಿಗೇ ಮಾಡಿ ಅಂತ ಕೈಯಿಟ್ಟು ತೋರಿಸುತ್ತೇನೆ.

ಸಾಧ್ಯವಾದರೆ ಇನ್ನೊಂದು ಪೆನ್‌ಡ್ರೈವ್ ತಗೊಳ್ಳಿ, 8 ಜಿಬಿಯದಾದರೂ ಸಾಕು. ವಾರಕ್ಕೊಮ್ಮೆ ನೋಟ್ಸ್ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿ. ಸವೆಯದ ಪೆನ್‌ಡ್ರೈವ್ ಯಾವುದೂ ಇಲ್ಲ.

ಎಲ್ಲ ಸಿದ್ಧವಾದ ಮೇಲೆ ತಕ್ಷಣ ನೋಟ್ಸ್ ಬರೆಯಲು ಕೂರಬೇಡಿ. ಮೊದಲು ಎರಡು ಫೈಲ್ ಮಾಡಿ, ಒಂದೊಂದು ಸಾಲು ಬರೆಯಿರಿ. ಒಂದನ್ನು ಡಾಕ್ಯುಮೆಂಟ್ಸ್‌ನಲ್ಲಿಡಿ, ಇನ್ನೊಂದನ್ನು ಎಂಎನ್‌ಟಿ ಒಳಗಿನ ಹೋಮ್‌ನಲ್ಲಿಡಿ. ಡೆಸ್ಕ್‌ಟಾಪಿನ ಸೇವ್ ಐಕಾನ್ ಮುಟ್ಟದೆ ಎರಡು ನಿಮಿಷ ಬಿಟ್ಟು ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಕರೆಂಟ್ ಹೋದ ಹಾಗೆ. ಮತ್ತೆ ಆನ್ ಮಾಡಿ ಯಾವುದು ಉಳಿದಿದೆ ನೋಡಿ.