ಹೊಸಬರಿಗೆ ಸರ್ವರ್‌ನಲ್ಲಿ ಶೆಲ್, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಸೌಲಭ್ಯ, ಕೊಡಬೇಕು, ಆದರೆ ಏನೂ ಹಾಳಾಗಬಾರದು. ಹೇಗೆ?

ಅವರ ಹೆಸರಲ್ಲೇ ಒಂದು ಸಾಮಾನ್ಯ ಅಕೌಂಟ್ ಮಾಡಿಕೊಡಿ. ಸುಡೊ, ಅಂದರೆ ಅಡ್ಮಿನ್ ಅಧಿಕಾರ, ಕೊಡಬೇಡಿ. ಅರ್ಧಕ್ಕಿಂತ ಜಾಸ್ತಿ ಭಯ ಇಷ್ಟಕ್ಕೇ ಹೋಗುತ್ತದೆ.

ಯಾಕೆಂದರೆ ಯುನಿಕ್ಸ್‌ನಲ್ಲಿ ಕಾವಲು ಕಾಯುವುದು ಶೆಲ್ ಅಲ್ಲ, ಅದರ ಕೆಳಗಿರುವ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಯಾವ ಕಮಾಂಡ್ ಆದರೂ ಫೈಲ್ ಮುಟ್ಟುವಾಗ ಕರ್ನಲ್ ಕೇಳುವುದು ಒಂದೇ: ಇದನ್ನು ಓಡಿಸುತ್ತಿರುವವರು ಯಾರು, ಇವರಿಗೆ ಅನುಮತಿ ಇದೆಯಾ? ಇಲ್ಲದಿದ್ದರೆ 'ಪರ್ಮಿಷನ್ ಡಿನೈಡ್'. ಕೈತಪ್ಪಿ ಅಳಿಸಿದರೂ ಹೋಗುವುದು ಅವರದೇ ಫೈಲ್‌ಗಳು. ಅವಕ್ಕೆ ಬ್ಯಾಕಪ್ ಇಡಿ.

ಆರ್‌ಬ್ಯಾಶ್ ಎಂಬ ಕಟ್ಟಿಹಾಕಿದ ಶೆಲ್ ಕೊಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಸಿಡಿ ಕಮಾಂಡ್ ಇಲ್ಲ, ಫೋಲ್ಡರ್ ಬದಲಿಸಲು ಆಗದವರು ಕಲಿಯುವುದಾದರೂ ಏನು? ಮೇಲಾಗಿ ವಿಮ್ ಎಡಿಟರ್ ಓಡಿಸಲು ಬಿಟ್ಟಿದ್ದರೆ, ಅದರೊಳಗಿಂದಲೇ ಪೂರ್ತಿ ಶೆಲ್ ತೆರೆಯಬಹುದು.

ಉಳಿದವರ ಹೋಮ್ ಫೋಲ್ಡರ್‌ಗೆ 700 ಪರ್ಮಿಷನ್, ಅಂದರೆ ಮಾಲೀಕರಿಗೆ ಮಾತ್ರ ಅನುಮತಿ, ಹಾಕಿ, ಹೊಸಬರಿಗೆ ಒಳಗೆ ಇಣುಕಲೂ ಆಗುವುದಿಲ್ಲ.

ಜಾಸ್ತಿ ಜನ ಮರೆಯುವುದು ಪ್ರೊಸೆಸ್ ಮಿತಿ, ಅಂದರೆ ಒಬ್ಬರು ಒಟ್ಟಿಗೆ ಎಷ್ಟು ಪ್ರೋಗ್ರಾಂ ಓಡಿಸಬಹುದು ಎಂಬ ಲೆಕ್ಕ. ಉಡುಪಿಯ ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗ ಫೋರ್ಕ್, ಅಂದರೆ ಓಡುತ್ತಿರುವ ಪ್ರೊಸೆಸ್ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುವುದನ್ನು, ಕಲಿಯುತ್ತಿದ್ದ. ಅದನ್ನು ನಿಲ್ಲದ ಲೂಪ್‌ನೊಳಗೆ ಬರೆದುಬಿಟ್ಟ. ಒಂದು ಎರಡಾಗಿ, ಎರಡು ನಾಲ್ಕಾಗಿ, ಸರ್ವರ್ ಎಲ್ಲರಿಗೂ ನಿಂತೇ ಹೋಯ್ತು. ಅವನ ತಪ್ಪಲ್ಲ, ಮಿತಿ ಹಾಕಬೇಕಿದ್ದದ್ದು ನಾನು. ಈಗ ಲಿಮಿಟ್ಸ್ ಕಾನ್ಫ್ ಫೈಲ್‌ನಲ್ಲಿ ಎನ್‌ಪ್ರಾಕ್ 100 ಅಂತ, ಅಂದರೆ ಒಬ್ಬರಿಗೆ ನೂರೇ ಪ್ರೊಸೆಸ್ ಅಂತ, ಇಟ್ಟಿದ್ದೇನೆ. ಅದೇ ತಪ್ಪು ಮತ್ತೆ ಆದರೆ ಆ ಒಂದು ಅಕೌಂಟ್ ಮಾತ್ರ ಸಿಕ್ಕಿಬೀಳುತ್ತದೆ, ಪಕ್ಕದವರ ಕೆಲಸ ನಡೆಯುತ್ತಿರುತ್ತದೆ.