ಬೆಲೆ ಕಟ್ಟದ ಗುಣ

ಪ್ರಶ್ನೆ: ನಮ್ಮ ಬಡಾವಣೆಯ ಕನ್ನಡದ ಹುಡುಗರು ಅಲ್ಪ ಹಣದಲ್ಲಿ ಬೇಸ್‌ಬಾಲ್ ತಂಡ ಕಟ್ಟುತ್ತಿದ್ದಾರೆ. ಎಂತಹ ಆಟಗಾರರನ್ನು ಹುಡುಕಬೇಕು?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಇತರರು ಬೆಲೆ ಕಟ್ಟಲು ಮರೆತ ಗುಣವುಳ್ಳವರನ್ನು ಹುಡುಕಿ. ಅಮೆರಿಕದ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡವು 2002ರಲ್ಲಿ ಸುಮಾರು 4 ಕೋಟಿ ಡಾಲರ್ ಸಂಬಳದ ಮಿತಿಯಲ್ಲಿ 103 ಪಂದ್ಯಗಳನ್ನು ಗೆದ್ದಿತು. ಅದರ ಸುಮಾರು ಮೂರು ಪಟ್ಟು ವೆಚ್ಚ ಮಾಡಿದ ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದೂ ಅಷ್ಟೇ. ಬ್ಯಾಟಿಂಗ್ ಸರಾಸರಿಯು ಹೊಡೆತಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ನಾಲ್ಕು ಕೆಟ್ಟ ಎಸೆತಗಳನ್ನು ಸಂಯಮದಿಂದ ಬಿಟ್ಟು ಮೊದಲ ಬೇಸಿಗೆ (ಬ್ಯಾಟರ್ ಸುತ್ತಿಬರಬೇಕಾದ ನಾಲ್ಕು ಠಾಣೆಗಳಲ್ಲಿ ಮೊದಲನೆಯದು) ನಡೆದುಹೋಗುವ ಆಟಗಾರನೂ ತಂಡಕ್ಕೆ ಔಟನ್ನು ಉಳಿಸಿಕೊಡುತ್ತಾನೆಂಬುದನ್ನು ಓಕ್ಲೆಂಡಿನ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಗಮನಿಸಿ, ಬೇಸ್ ತಲುಪುವ ಪ್ರಮಾಣಕ್ಕೆ ಹೆಚ್ಚು ಮನ್ನಣೆ ಕೊಟ್ಟರು. ಮೊಣಕೈ ನರಕ್ಕೆ ಪೆಟ್ಟಾಗಿ, ಬ್ಯಾಟರ್ ಹಿಂದೆ ಕುಳಿತು ಎಸೆತ ಹಿಡಿಯುವ ಕ್ಯಾಚರ್ ಸ್ಥಾನ ಕಳೆದುಕೊಂಡಿದ್ದ ಸ್ಕಾಟ್ ಹ್ಯಾಟೆಬರ್ಗ್ ಅವರನ್ನು ಕರೆತಂದು ಮೊದಲ ಬೇಸಿನಲ್ಲಿ ನಿಲ್ಲಿಸಿದರು. ಆ ವರ್ಷದ ಸತತ 20ನೇ ಗೆಲುವು ಅವರ ಹೋಮ್ ರನ್ನಿನಿಂದಲೇ ಬಂತು. ಲೆಕ್ಕಾಚಾರವೊಂದೇ ಗೆಲ್ಲಿಸಿತೆನ್ನುವುದು ಮಾತ್ರ ನನ್ನ ದೃಷ್ಟಿಯಲ್ಲಿ ಅನ್ಯಾಯ: ಹಡ್ಸನ್, ಮಲ್ಡರ್, ಜೀಟೊ ಎಂಬ ಮೂವರು ಸಮರ್ಥ ಪಿಚರ್‌ಗಳನ್ನು (ಚೆಂಡೆಸೆಯುವವರನ್ನು) ಆ ತಂಡ ತಾನೇ ಬೆಳೆಸಿಕೊಂಡಿತ್ತು. ನೀವೂ ಆಯ್ಕೆಗೆ ಮುನ್ನ ಕೆಲವು ಪಂದ್ಯಗಳಲ್ಲಿ ಪ್ರತಿ ಹುಡುಗನೂ ಎಷ್ಟು ಸಲ ಬೇಸ್ ತಲುಪಿದನೆಂದು ಪುಸ್ತಕದಲ್ಲಿ ಬರೆದಿಡಿ. ಅವನ ಮೈಕಟ್ಟು ನೋಡಿ ತೀರ್ಮಾನಿಸಬೇಡಿ.